ನಾಲ್ವರು ಹೋದರು, ಇಬ್ಬರು ಬಂದರು

ಅಮೆಜಾನ್ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಅನಕೊಂಡ ಹಾವು, ಮನುಷ್ಯನನ್ನು ನಿಮಿಷದಲ್ಲಿ ಮೂಳೆ ಮಾಡಿಬಿಡುತ್ತೆ ಅನ್ನೋ ಪಿರಾನ್ಹಾ ಮೀನು, ಮುಖಕ್ಕೆ ಬಣ್ಣ ಬಳಿದುಕೊಂಡು ಬಾಣ ಹೂಡಿ ನಿಂತ ಕಾಡಿನ ಜನ. ಈಗಿನ ಮಕ್ಕಳನ್ನು ಕೇಳಿದ್ರೆ ಮನೆಗೆ ಪಾರ್ಸೆಲ್ ತರೋ ಕಂಪನಿ ಅಂತಾರೆ, ಆ ವಿಚಾರ ಬಿಡಿ. ಸಿನಿಮಾಗಳು ನಮಗೆ ಕೊಟ್ಟಿರೋ ಅಮೆಜಾನ್ ಇದೇ. ಆದರೆ ಆ ಕಾಡಿನಲ್ಲಿ ನಿಜವಾಗಿ ಸಿಕ್ಕಿಹಾಕಿಕೊಂಡವರು ಹೇಳೋ ಕಥೆಗಳಲ್ಲಿ ಅನಕೊಂಡ ಬರೋದು ಅಪರೂಪ. ಅವರು ಹೇಳೋದು ಒದ್ದೆ ಬೂಟಿನ ಬಗ್ಗೆ, ಹಸಿವಿನ ಬಗ್ಗೆ, ಜೊತೆಗೆ ಬಂದವನ ಮೇಲೆ ಹುಟ್ಟಿದ ಸಿಟ್ಟಿನ ಬಗ್ಗೆ.

ಇದನ್ನು ಬರೆಯೋಕೆ ಕಾರಣ ಇದೆ. ನಮ್ಮ ಕಾರ್ಯಕ್ರಮ ನೋಡುವ ಹುಡುಗರಲ್ಲಿ ಒಂದಷ್ಟು ಜನ ಕೆಲಸಕ್ಕೆ ರಜೆ ಹಾಕಿ, ಕೆಲವರು ಕೆಲಸವನ್ನೇ ಬಿಟ್ಟು, ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ದೇಶ ಸುತ್ತೋಕೆ ಹೊರಟವರು. ಹಿಮಾಲಯ ಮುಗೀತು, ವಿಯೆಟ್ನಾಂ ಮುಗೀತು, ಮುಂದೆ ದಕ್ಷಿಣ ಅಮೆರಿಕ ಅಂತಾರೆ. ಅವರು ನನಗೆ ಕೇಳೋ ಪ್ರಶ್ನೆ: 'ಸರ್, ಜಂಗಲ್ ಸಿನಿಮಾ ನೋಡಿದೀರಾ? ಅದು ನಿಜವಾಗ್ಲೂ ನಡೆದದ್ದಾ?' ನೋಡಿದೀನಿ. ಹ್ಯಾರಿ ಪಾಟರ್ ಪಾತ್ರ ಮಾಡಿದ ಡೇನಿಯಲ್ ರ್ಯಾಡ್‌ಕ್ಲಿಫ್ 2017ರಲ್ಲಿ ಮೂಳೆ ಚಕ್ಕಳವಾಗಿ ನಟಿಸಿದ ಚಿತ್ರ ಅದು. ಮತ್ತೆ ಹೌದು, ನಡೆದದ್ದು. 1981ರಲ್ಲಿ, ಬೊಲಿವಿಯಾದಲ್ಲಿ. ಆದರೆ ಸಿನಿಮಾ ನೋಡಿ ಹೊರಬಂದವನ ತಲೆಯಲ್ಲಿ ಉಳಿಯೋದು ಒಬ್ಬನ ಹೆಸರು. ಆ ಕಥೆಯಲ್ಲಿ ನಾಲ್ಕು ಜನ ಕಾಡಿಗೆ ಹೋಗಿದ್ದರು. ಐದನೆಯವನು ಒಬ್ಬ ದೋಣಿ ತಗೊಂಡು ಹುಡುಕೋಕೆ ಬಂದಿದ್ದ. ನಾನು ಹೇಳಬೇಕು ಅಂದುಕೊಂಡಿರೋದು ಆ ಉಳಿದವರ ಬಗ್ಗೆ.

ಮೊದಲು ಜಾಗ ತಿಳ್ಕೊಳ್ಳಿ. ಅಮೆಜಾನ್ ಕಾಡು ಬ್ರೆಜಿಲ್‌ನದ್ದು ಅಂತ ನಾವು ಅಂದುಕೊಂಡಿದೀವಿ. ಅರ್ಧಕ್ಕಿಂತ ಹೆಚ್ಚು ಬ್ರೆಜಿಲ್‌ನಲ್ಲೇ ಇದೆ ನಿಜ, ಆದರೆ ಒಟ್ಟು 9 ದೇಶ-ಪ್ರದೇಶಗಳಿಗೆ ಅದು ಹಬ್ಬಿದೆ. ವಿಸ್ತೀರ್ಣ ಸುಮಾರು 55 ಲಕ್ಷ ಚದರ ಕಿಲೋಮೀಟರ್. ನಮ್ಮ ಇಡೀ ಭಾರತ ಸುಮಾರು 33 ಲಕ್ಷ ಚದರ ಕಿಲೋಮೀಟರ್. ಲೆಕ್ಕ ಹಾಕ್ಕೊಳ್ಳಿ. ಈ ಕಾಡಿನ ಪಶ್ಚಿಮದ ಅಂಚಿನಲ್ಲಿ ಆಂಡಿಸ್ ಪರ್ವತಗಳು ನಿಂತಿವೆ. ಬೊಲಿವಿಯಾ ಇರೋದು ಅಲ್ಲೇ. ಅದರ ಲಾ ಪಾಸ್ ನಗರ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿದೆ, ಕಾಲಿಟ್ಟ ತಕ್ಷಣ ಉಸಿರು ಕಟ್ಟುತ್ತೆ. ಅಲ್ಲಿಂದ ಪೂರ್ವಕ್ಕೆ ಬೆಟ್ಟ ದಾಟಿದರೆ ನೆಲ ಇಳಿಯುತ್ತಾ ಹೋಗಿ ಬಿಸಿಯಾದ, ತೇವದ ಕಾಡಿಗೆ ಸೇರುತ್ತೆ. ಆ ಇಳಿಜಾರಿನಲ್ಲಿ ಹರಿಯುವ ನದಿಗಳಲ್ಲಿ ಒಂದು ಟುಯಿಚಿ. ಅದು ಬೇನಿ ನದಿಗೆ ಸೇರುತ್ತೆ, ಬೇನಿಯ ನೀರು ಮಡೇರಾಕ್ಕೆ, ಮಡೇರಾ ಕೊನೆಗೆ ಅಮೆಜಾನ್‌ಗೆ.

ಟಿವಿಯಲ್ಲಿ ನೋಡಿರ್ತೀರಲ್ಲ, ಸಮುದ್ರದ ಹಾಗೆ ಅಗಲವಾಗಿ, ಸದ್ದಿಲ್ಲದೆ ಹರಿಯೋ ಕಂದು ಬಣ್ಣದ ನದಿ? ಅದು ಕೆಳಗಿನ ಅಮೆಜಾನ್. ಟುಯಿಚಿ ಹಾಗಲ್ಲ. ಬೆಟ್ಟದಿಂದ ಧುಮುಕಿ ಬರುವ ನದಿ, ಬಂಡೆಗಳು, ಕಡಿದಾದ ಕಮರಿಗಳು. ಮೇಲೆಲ್ಲೋ ಬೆಟ್ಟದಲ್ಲಿ ರಾತ್ರಿ ಮಳೆ ಬಿದ್ದರೆ ಬೆಳಗ್ಗೆ ಇಲ್ಲಿ ನೀರು ಆಳೆತ್ತರ ಏರಿರುತ್ತೆ. ಮಲೆನಾಡಿನ ಹಳ್ಳಗಳನ್ನು ಮಳೆಗಾಲದಲ್ಲಿ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ವಿಷಯ: ಅಲ್ಲಿ ಮಳೆಗಾಲ ಶುರುವಾಗೋದೇ ನವೆಂಬರ್ ಹೊತ್ತಿಗೆ. ಈ ನಾಲ್ವರು ಕಾಡಿನಲ್ಲಿದ್ದದ್ದು ನವೆಂಬರ್, ಡಿಸೆಂಬರ್ ತಿಂಗಳಲ್ಲಿ.

ಯಾರು ಈ ನಾಲ್ವರು? ಯೋಸಿ ಗಿನ್ಸ್‌ಬರ್ಗ್, ಇಸ್ರೇಲಿನ ಹುಡುಗ, ಆಗ ವಯಸ್ಸು 22. ನೌಕಾಪಡೆಯ ಸೇವೆ ಮುಗಿಸಿ ಊರು ಬಿಟ್ಟು ಹೊರಟಿದ್ದ. 'ಪ್ಯಾಪಿಲಾನ್' ಪುಸ್ತಕ ಓದಿ, ತಾನೂ ಒಂದು ಸಾಹಸ ಮಾಡಬೇಕು, ಹೊರಗಿನ ಜನ ನೋಡದ ಬುಡಕಟ್ಟು ನೋಡಬೇಕು ಅನ್ನೋ ಹುಚ್ಚು ಹತ್ತಿಸಿಕೊಂಡಿದ್ದ. ದಾರಿಯಲ್ಲಿ ಅವನಿಗೆ ಸಿಕ್ಕವನು ಮಾರ್ಕಸ್ ಸ್ಟಾಮ್, ಸ್ವಿಟ್ಜರ್ಲೆಂಡಿನ ಶಾಲಾ ಮೇಷ್ಟ್ರು, ಮೃದು ಸ್ವಭಾವದವನು. ಮೂರನೆಯವನು ಕೆವಿನ್ ಗೇಲ್, ಅಮೆರಿಕದ ಫೋಟೋಗ್ರಾಫರ್, ಕಾಡು ಬೆಟ್ಟ ಸುತ್ತಿದ ಗಟ್ಟಿ ಆಸಾಮಿ. ಬ್ಯಾಕ್‌ಪ್ಯಾಕರ್‌ಗಳ ಲೋಕದಲ್ಲಿ ಸ್ನೇಹ ಆಗೋದೇ ಹೀಗೆ. ಬಸ್ಸಿನಲ್ಲಿ ಪಕ್ಕದ ಸೀಟು, ಅಗ್ಗದ ಲಾಡ್ಜಿನಲ್ಲಿ ಪಕ್ಕದ ಮಂಚ. ಎರಡು ವಾರದಲ್ಲಿ ಹತ್ತು ವರ್ಷದ ಗೆಳೆಯರ ಥರ ಆಗಿಬಿಡ್ತಾರೆ.

ನಾಲ್ಕನೆಯವನು ಕಾರ್ಲ್. ಲಾ ಪಾಸ್‌ನಲ್ಲಿ ಯೋಸಿಗೆ ಸಿಕ್ಕ ಆಸ್ಟ್ರಿಯಾದವನು. ತಾನು ಭೂವಿಜ್ಞಾನಿ ಅಂದ. ಕಾಡಿನೊಳಗೆ ಚಿನ್ನ ಇದೆ ಅಂದ. ಯಾರೂ ಕಾಲಿಡದ ಒಂದು ಬುಡಕಟ್ಟು ಹಳ್ಳಿ ಇದೆ, ನನಗೆ ದಾರಿ ಗೊತ್ತು ಅಂದ. ಕೇಳಿಸಿಕೊಂಡವನಿಗೆ ಯಾವ್ಯಾವ ಆಸೆ ಇತ್ತೋ ಅದೆಲ್ಲಾ ಅವನ ಬಾಯಲ್ಲಿ ಬಂತು. ಇಲ್ಲಿ ಸ್ವಲ್ಪ ನಿಲ್ಲಿ. ಈ ಕಾರ್ಲ್ ಬಗ್ಗೆ ಊರಿನ ಒಬ್ಬರನ್ನಾದರೂ ವಿಚಾರಿಸಿದ್ದರಾ? ಅವನು ಹಿಂದೆ ಯಾರನ್ನಾದರೂ ಕರ್ಕೊಂಡು ಹೋಗಿ ವಾಪಸ್ ತಂದಿದ್ದಾನಾ ಅಂತ ಕೇಳಿದ್ದರಾ? ಮನೆಗೆ ಬಾಡಿಗೆದಾರ ಬಂದ್ರೆ ನಾವು ನೂರೆಂಟು ಪ್ರಶ್ನೆ ಕೇಳ್ತೀವಿ. ಕಾಡಿಗೆ ಕರ್ಕೊಂಡು ಹೋಗೋನಿಗೆ ಒಂದೂ ಪ್ರಶ್ನೆ ಇರಲಿಲ್ಲ.

ಲಾ ಪಾಸ್‌ನಿಂದ ಅಪೋಲೋ ಅನ್ನೋ ಸಣ್ಣ ಊರಿಗೆ ವಿಮಾನದಲ್ಲಿ ಹೋದರು. ಅಲ್ಲಿಂದ ನಡಿಗೆ. ಅಸಾರಿಯಾಮಾಸ್ ಅನ್ನೋ ಹಳ್ಳಿ ದಾಟಿ ಕಾಡಿನೊಳಗೆ. ದಿನಗಳು ಕಳೆದವು. ಬುಡಕಟ್ಟೂ ಇಲ್ಲ, ಚಿನ್ನವೂ ಇಲ್ಲ. ತಂದ ಆಹಾರ ಕರಗುತ್ತಾ ಬಂತು, ಕೋತಿ ಹೊಡೆದು ತಿನ್ನೋ ಪರಿಸ್ಥಿತಿ. ಮಾರ್ಕಸ್‌ಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಅಂದ್ರೆ ಅವನ ಪಾದ.

ಈ ಪಾದದ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಸಿನಿಮಾದಲ್ಲಿ ಇದು ಎರಡು ನಿಮಿಷದಲ್ಲಿ ಮುಗಿದುಹೋಗುತ್ತೆ. ಮಳೆಕಾಡಿನಲ್ಲಿ ಬೂಟು ಒಣಗೋದೇ ಇಲ್ಲ. ಬೆವರು, ಮಳೆ, ಹಳ್ಳದ ನೀರು. ಇಪ್ಪತ್ನಾಲ್ಕು ಗಂಟೆ ನೆನೆದ ಚರ್ಮ ಮೊದಲು ಬೆಳ್ಳಗಾಗಿ ಮುದುಡುತ್ತೆ, ಆಮೇಲೆ ಮೆತ್ತಗಾಗಿ ಸುಲಿಯುತ್ತೆ, ಆಮೇಲೆ ಬರೀ ಹಸಿ ಮಾಂಸ. ಒಂದನೇ ಮಹಾಯುದ್ಧದಲ್ಲಿ ಕಂದಕಗಳ ಕೆಸರಿನಲ್ಲಿ ನಿಂತ ಸೈನಿಕರು ಸಾವಿರಗಟ್ಟಲೆ ಈ ಕಾಯಿಲೆಗೆ ಬಿದ್ದರು, ಅದಕ್ಕೇ ಇದಕ್ಕೆ 'ಟ್ರೆಂಚ್ ಫೂಟ್' ಅನ್ನೋ ಹೆಸರು. ಮಳೆಗಾಲದಲ್ಲಿ ಗದ್ದೆಗಿಳಿದು ನೆಟ್ಟಿ ಮಾಡೋ ಹೆಣ್ಣುಮಕ್ಕಳ ಕಾಲ್ಬೆರಳ ಸಂದಿ ಕೊಳೆಯುತ್ತಲ್ಲ, ಅವರು ಸಂಜೆ ಮನೆಗೆ ಬಂದು ಕಾಲು ಒರೆಸಿ ಒಲೆ ಮುಂದೆ ಕೂರ್ತಾರೆ. ಮಾರ್ಕಸ್‌ಗೆ ಒಲೆಯೂ ಇರಲಿಲ್ಲ, ಮನೆಯೂ ಇರಲಿಲ್ಲ. ಅವನ ನಡಿಗೆ ನಿಧಾನ ಆಯ್ತು. ಅವನು ನಿಧಾನ ಆದರೆ ಎಲ್ಲರೂ ನಿಧಾನ. ಹಸಿದ ಹೊಟ್ಟೆಗೆ ಅದು ಸಹ್ಯವಾಗಲಿಲ್ಲ. ಮಾರ್ಕಸ್‌ನನ್ನು ತಾವು ಹೇಗೆ ಹೊರೆಯಂತೆ ನೋಡತೊಡಗಿದೆವು, ಹೇಗೆ ಅವನನ್ನು ದೂರ ಮಾಡಿದೆವು ಅಂತ ಯೋಸಿ ತನ್ನ ಪುಸ್ತಕದಲ್ಲಿ ತಾನೇ ಬರೆದಿದ್ದಾನೆ. ಹುಲಿ ಚಿರತೆ ಯಾವುದೂ ಹತ್ತಿರ ಬರುವ ಮುಂಚೆಯೇ, ಒಂದು ಜೊತೆ ಕೊಳೆತ ಪಾದ ಆ ಗುಂಪನ್ನು ಎರಡು ಮಾಡಿತ್ತು.

ಅಸಾರಿಯಾಮಾಸ್‌ಗೆ ವಾಪಸ್ ಬಂದರು. ಅಲ್ಲಿಗೇ ಮುಗಿಸಿ ಮನೆಗೆ ಹೋಗಬಹುದಿತ್ತು. ಆದರೆ ಹೊಸ ಪ್ಲಾನ್ ಬಂತು: ನಡೆಯೋದು ಬೇಡ, ತೆಪ್ಪ ಕಟ್ಟಿ ಟುಯಿಚಿಯಲ್ಲಿ ತೇಲಿಕೊಂಡು ಹೋಗೋಣ. ಬಾಲ್ಸಾ ಅನ್ನೋ ಹಗುರ ಮರದ ದಿಮ್ಮಿಗಳನ್ನು ಹಗ್ಗದಲ್ಲಿ ಬಿಗಿದು ತೆಪ್ಪ ಸಿದ್ಧವಾಯ್ತು. ನೀರಿಗಿಳಿದ ಮೇಲೆ ಗೊತ್ತಾದ ಸತ್ಯ: ಮುಂದಾಳು ಕಾರ್ಲ್‌ಗೆ ಈಜೇ ಬರಲ್ಲ! ಮುಂದೆ ಸ್ಯಾನ್ ಪೆದ್ರೋ ಕಮರಿ ಇದೆ, ಅಲ್ಲಿ ತೆಪ್ಪ ಉಳಿಯಲ್ಲ ಅಂತ ಅವನೇ ಹೆದರಿಸಿದ. ಜಗಳ ಆಯ್ತು. ಕೊನೆಗೆ ಎರಡು ತಂಡ. ಕಾರ್ಲ್ ಮತ್ತು ಮಾರ್ಕಸ್ ಕಾಲ್ನಡಿಗೆಯಲ್ಲಿ ಹೊರಟರು. ಕೆವಿನ್ ಮತ್ತು ಯೋಸಿ ತೆಪ್ಪದಲ್ಲಿ. ಕ್ರಿಸ್ಮಸ್‌ಗೆ ಮುಂಚೆ ಲಾ ಪಾಸ್‌ನಲ್ಲಿ ಸಿಗೋಣ ಅಂತ ಮಾತಾಯ್ತು.

ಕಾಲು ಕೊಳೆತು ನಡೆಯೋಕಾಗದ ಮನುಷ್ಯ ನಡೆಯುವ ತಂಡದಲ್ಲಿ! ಯೋಚನೆ ಮಾಡಿ. ಹಿಂದೆ ಮುಂದೆ ಗೊತ್ತಿಲ್ಲದ ಕಾರ್ಲ್ ಜೊತೆಗೆ. ಅದೇ ಕೊನೆ. ಆಮೇಲೆ ಮಾರ್ಕಸ್‌ನನ್ನಾಗಲಿ ಕಾರ್ಲ್‌ನನ್ನಾಗಲಿ ಯಾರೂ ನೋಡಲಿಲ್ಲ. ಹುಡುಕಾಟಗಳು ನಡೆದವು, ಏನೂ ಸಿಗಲಿಲ್ಲ. ಕಾರ್ಲ್ ಇಂಟರ್‌ಪೋಲ್ ಹುಡುಕುತ್ತಿದ್ದ ವ್ಯಕ್ತಿ ಅಂತ ಆಸ್ಟ್ರಿಯಾದ ಕಾನ್ಸುಲೇಟ್‌ನಿಂದ ತಿಳಿದದ್ದು ಎಲ್ಲಾ ಮುಗಿದ ಮೇಲೆ ಅಂತ ಯೋಸಿ ಹೇಳುತ್ತಾನೆ.

ತೆಪ್ಪದವರ ಕಥೆಯೂ ಬಹಳ ದೂರ ಹೋಗಲಿಲ್ಲ. ನೀರಿನ ಸೆಳೆತ ಅವರ ಕೈ ಮೀರಿತು. ತೆಪ್ಪ ಒಂದು ಬಂಡೆಗೆ ಸಿಕ್ಕಿಕೊಂಡಿತು. ಕೆವಿನ್ ಈಜಿ ದಡ ಸೇರಿದ. ಅಷ್ಟರಲ್ಲಿ ತೆಪ್ಪ ಬಂಡೆಯಿಂದ ಕಳಚಿ, ಯೋಸಿಯನ್ನು ಹೊತ್ತುಕೊಂಡು ಕಮರಿಯೊಳಗೆ ನುಗ್ಗಿತು. ಬದುಕಿ ದಡಕ್ಕೆ ಬಿದ್ದಾಗ ಅವನು ಒಂಟಿ. ಅಲ್ಲಿಂದ ಸುಮಾರು ಮೂರು ವಾರ.

ಆ ಮೂರು ವಾರದ ಕಥೆ ಸಿನಿಮಾದಲ್ಲಿದೆ. ರಾತ್ರಿ ಹತ್ತಿರ ಬಂದ ಜಾಗ್ವಾರ್‌ಗೆ ಸೊಳ್ಳೆ ಸ್ಪ್ರೇಗೆ ಲೈಟರ್ ಹಿಡಿದು ಬೆಂಕಿ ಉಗುಳಿಸಿ ಓಡಿಸಿದ್ದು, ಜೌಗಿನಲ್ಲಿ ಎದೆಮಟ್ಟ ಹೂತುಹೋಗಿದ್ದು, ಗೆದ್ದಲುಗಳು ಮೈ ಕಡಿದಿದ್ದು, ಪಾದದ ನೋವು ಮರೆಯೋಕೆ ಕೆಂಪಿರುವೆಗಳನ್ನು ಮೈಮೇಲೆ ಬೀಳಿಸಿಕೊಂಡಿದ್ದು, ಇಲ್ಲದ ಒಬ್ಬ ಹೆಂಗಸು ಪಕ್ಕದಲ್ಲಿದ್ದಾಳೆ ಅಂತ ಭ್ರಮಿಸಿ ಅವಳನ್ನು ಸಂತೈಸುತ್ತಾ ನಡೆದದ್ದು. ಕೊನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುತ್ತೆ. ಗುಂಪಿನಲ್ಲಿದ್ದಾಗ ಕಾಲು ನೋವಿನ ಗೆಳೆಯ ಭಾರ ಆಗಿದ್ದ. ಒಂಟಿಯಾದಾಗ, ನೋಡಿಕೊಳ್ಳೋಕೆ ಒಬ್ಬರು ಬೇಕು ಅಂತ ಮನಸ್ಸೇ ಒಬ್ಬಳನ್ನು ಸೃಷ್ಟಿ ಮಾಡಿಕೊಂಡಿತು.

ಈಗ ನಿಮಗೊಂದು ಸಹಜ ಅನುಮಾನ ಬರಬೇಕು. ಇಷ್ಟು ಹಸಿರು ತುಂಬಿರೋ ಕಾಡಲ್ಲಿ ಮನುಷ್ಯ ಹಸಿವಿನಿಂದ ಯಾಕೆ ಸಾಯಬೇಕು? ಹಣ್ಣಿಲ್ವಾ, ಪ್ರಾಣಿ ಇಲ್ವಾ?

ಇವೆ. ಆದರೆ ಮೇಲೆ. ಮಳೆಕಾಡು ಅಂದ್ರೆ ಬಹುಮಹಡಿ ಕಟ್ಟಡ ಇದ್ದ ಹಾಗೆ. ಮೂವತ್ತು ನಲವತ್ತು ಮೀಟರ್ ಎತ್ತರದ ಮರಗಳ ನೆತ್ತಿಯಲ್ಲಿ ಬಿಸಿಲು, ಅಲ್ಲೇ ಹೂವು, ಅಲ್ಲೇ ಹಣ್ಣು, ಅದನ್ನು ತಿನ್ನೋ ಕೋತಿಗಳು, ಹಕ್ಕಿಗಳು ಎಲ್ಲಾ ಅಲ್ಲೇ. ನೆಲಕ್ಕೆ ತಲುಪೋ ಬೆಳಕು ನೂರಕ್ಕೆ ಒಂದೆರಡು ಪಾಲು. ಕೆಳಗೆ ನಡೆಯೋ ಮನುಷ್ಯನಿಗೆ ಸಿಗೋದು ಬರೀ ಕಾಂಡ, ಎಲೆ, ಕೊಳೆತ ಕಸ. ಕಣ್ಣಿಗೆ ಬಿದ್ದ ಹಣ್ಣು ತಿನ್ನಬಹುದಾದದ್ದೋ ವಿಷವೋ ಹೇಳೋರು ಯಾರು? ಒಂದೇ ಜಾತಿಯ ಮರಗಳು ಒಟ್ಟಿಗೆ ಇರಲ್ಲ, ಒಂದು ಇಲ್ಲಿ ಇದ್ರೆ ಇನ್ನೊಂದು ಬಲು ದೂರದಲ್ಲಿ. ಅಲ್ಲಿನ ಜನಕ್ಕೆ ಯಾವ ಮರ ಎಲ್ಲಿದೆ, ಯಾವ ತಿಂಗಳು ಕಾಯಿ ಬಿಡುತ್ತೆ ಅಂತ ತಲೆಯಲ್ಲಿ ಲೆಕ್ಕ ಇದೆ. ಹೊರಗಿನವನಿಗೆ ಅದೊಂದು ಬೀಗ ಹಾಕಿದ ದಿನಸಿ ಅಂಗಡಿ. ಯೋಸಿ ಹಕ್ಕಿ ಮೊಟ್ಟೆ, ಬಿದ್ದ ಹಣ್ಣು ಇಂಥದ್ದರಲ್ಲೇ ದಿನ ತಳ್ಳಿದ.

ದಿಕ್ಕಿನದ್ದೂ ಇದೇ ಕಥೆ. ಸೂರ್ಯ ಕಾಣಲ್ಲ, ಗುಡ್ಡ ಕಾಣಲ್ಲ, ಹತ್ತು ಹೆಜ್ಜೆ ಆಚೆ ಏನಿದೆ ಅಂತ ಗೊತ್ತಾಗಲ್ಲ. ಅದಕ್ಕೇ ಬದುಕಿ ಬಂದವರಲ್ಲಿ ಹಲವರು ಹಿಡಿದದ್ದು ನೀರಿನ ದಾರಿ. 1971ರ ಡಿಸೆಂಬರ್ 24ರಂದು ಪೆರುವಿನ ಮೇಲೆ ವಿಮಾನ ಒಡೆದು ಬಿದ್ದಾಗ ಅದರಲ್ಲಿದ್ದ 92 ಜನರಲ್ಲಿ ಉಳಿದವಳು ಒಬ್ಬಳೇ, 17 ವರ್ಷದ ಯೂಲಿಯಾನ ಕೋಪ್ಕೆ. ಅವಳ ಅಪ್ಪ ಅಮ್ಮ ಪ್ರಾಣಿಶಾಸ್ತ್ರಜ್ಞರು, ಅವಳು ಕಾಡಿನ ಸಂಶೋಧನಾ ಕೇಂದ್ರದಲ್ಲಿ ಅವರ ಜೊತೆ ಇದ್ದು ಬೆಳೆದವಳು. ಹಳ್ಳ ಸಿಕ್ಕರೆ ಅದರ ಜೊತೆಗೇ ಹೋಗು, ಹಳ್ಳ ದೊಡ್ಡ ನದಿಗೆ ಸೇರುತ್ತೆ, ನದಿಯ ಹತ್ತಿರ ಜನ ಇರ್ತಾರೆ ಅನ್ನೋ ಪಾಠ ಅವಳಿಗೆ ಅಪ್ಪನಿಂದ ಬಂದದ್ದು. ಮುರಿದ ಕೊರಳೆಲುಬು, ಹುಳ ಬಿದ್ದ ತೋಳು, ಕಾಲಿಗೆ ಒಂದೇ ಚಪ್ಪಲಿ. ಹಾಗೇ ನಡೆದು, ಈಜಿ, ಸುಮಾರು 11 ದಿನದ ನಂತರ ಮರ ಕಡಿಯುವವರ ಕಣ್ಣಿಗೆ ಬಿದ್ದಳು.

ಹೆಲಿಕಾಪ್ಟರ್ ಬರಲ್ವಾ ಅಂತೀರಾ? ಬರುತ್ತೆ. ಫ್ರೆಂಚ್ ಗಯಾನಾದಲ್ಲಿ 2007ರಲ್ಲಿ ಇಬ್ಬರು ಫ್ರೆಂಚ್ ಯುವಕರು ಹೀಗೇ ಬ್ಯಾಗ್ ಹೊತ್ತು ಕಾಡು ದಾಟೋಕೆ ಹೋಗಿ ದಾರಿ ತಪ್ಪಿದರು. ಒಂದು ಕಡೆ ಗುಡಿಸಲು ಹಾಕಿಕೊಂಡು ಕಾದರು. ಹೆಲಿಕಾಪ್ಟರ್ ಸದ್ದು ಅವರಿಗೆ ಕೇಳಿಸ್ತಿತ್ತು. ಮೇಲಿನವರಿಗೆ ಕೆಳಗಿನವರು ಕಾಣಲೇ ಇಲ್ಲ, ಎಲೆಗಳ ಚಾವಣಿ ಅಷ್ಟು ದಟ್ಟ. ಏಳು ವಾರ ಜೇಡ, ಆಮೆ ತಿಂದು ಬದುಕಿ, ಕೊನೆಗೆ ಒಬ್ಬ ನಡೆದು ಸಾಊಲ್ ಅನ್ನೋ ಊರು ತಲುಪಿ ಇನ್ನೊಬ್ಬನನ್ನು ಉಳಿಸಿದ.

2023ರ ಘಟನೆ ನಿಮಗೆ ನೆನಪಿರಬೇಕು, ನಾವೂ ಟಿವಿಯಲ್ಲಿ ತೋರಿಸಿದ್ವಿ. ಕೊಲಂಬಿಯಾದಲ್ಲಿ ಮೇ 1ರಂದು ಸಣ್ಣ ವಿಮಾನ ಬಿತ್ತು. ದೊಡ್ಡವರು ಮೂವರೂ ಸತ್ತರು. ನಾಲ್ಕು ಮಕ್ಕಳು ಉಳಿದವು, ದೊಡ್ಡವಳಿಗೆ 13 ವರ್ಷ, ಕೊನೆಯದು ಕೂಸು. 40 ದಿನ! ತರಬೇತಾದ ಸೈನಿಕರು, ನಾಯಿಗಳು, ಆಕಾಶದಿಂದ ಧ್ವನಿವರ್ಧಕದಲ್ಲಿ ಅಜ್ಜಿಯ ದನಿ. ಮಕ್ಕಳು ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು ತಿಂದರು, ಆಮೇಲೆ ಕಾಡಿನ ಹಣ್ಣು, ಬೀಜ. ಯಾವುದು ತಿನ್ನಬೇಕು ಅಂತ ಆ ಹುಡುಗಿಗೆ ಗೊತ್ತಿತ್ತು, ಅವಳು ಉಯಿತೋತೋ ಬುಡಕಟ್ಟಿನ ಕೂಸು. ಜೂನ್ 9ರಂದು ಅವರನ್ನು ಮೊದಲು ಕಂಡವರು ಸೈನಿಕರ ಜೊತೆ ಹುಡುಕಾಟಕ್ಕೆ ಇಳಿದಿದ್ದ ಬುಡಕಟ್ಟಿನ ಸ್ವಯಂಸೇವಕರು.

ಮತ್ತೆ ಟುಯಿಚಿಗೆ ಬನ್ನಿ. ಕೆವಿನ್ ಏನಾದ? ಅವನೂ ಒಂಟಿಯಾಗಿ ದಿನಗಟ್ಟಲೆ ಅಲೆದು ನದಿಯಲ್ಲಿ ತೇಲಿ ಬರ್ತಾ ಇದ್ದಾಗ ಸ್ಥಳೀಯ ಬೇಟೆಗಾರರ ಕಣ್ಣಿಗೆ ಬಿದ್ದ. ಅವರೇ ಎತ್ತಿ ಉಳಿಸಿದರು. ಸ್ಯಾನ್ ಹೋಸೆ ದೆ ಉಚುಪಿಯಾಮೋನಾಸ್ ಅನ್ನೋ ಹಳ್ಳಿ, ಅಲ್ಲಿಂದ ಬೇನಿ ದಡದ ರುರೆನಬಾಕೆ ಪಟ್ಟಣ. ಜೀವ ಉಳೀತು, ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಅಧಿಕಾರಿಗಳ ಬಾಗಿಲು ಬಡಿದ, ವಿಮಾನದಲ್ಲಿ ಹುಡುಕಿಸಿದ, ಪ್ರಯೋಜನ ಆಗಲಿಲ್ಲ. ಬಹಳ ಜನ ಅಂದುಕೊಂಡಿದ್ದು ಒಂದೇ, ಆ ಹುಡುಗ ಸತ್ತಿದ್ದಾನೆ.

ಆಗ ಬಂದವನು ಆ ನದಿಯನ್ನು ಬಲ್ಲ ಅಂಬಿಗ, ಅಬೆಲಾರ್ಡೋ ತುದೇಲಾ. ಎಲ್ಲರೂ ಕರೆಯೋದು ಟೀಕೋ ಅಂತ. ಮಳೆಗಾಲದ ಟುಯಿಚಿಯಲ್ಲಿ, ಪ್ರವಾಹದ ಎದುರಿಗೆ, ಮೋಟಾರು ದೋಣಿಯಲ್ಲಿ ಮೇಲಕ್ಕೆ ಹೋಗೋದು ಅಂದ್ರೆ ತಮಾಷೆ ಅಲ್ಲ. ನೀರಿನಡಿ ಬಂಡೆ ಎಲ್ಲಿದೆ, ಯಾವ ತಿರುವಿನಲ್ಲಿ ಮರ ಬಿದ್ದಿರುತ್ತೆ ಅಂತ ನೀರಿನ ಮೇಲಿನ ಸುಳಿ ನೋಡಿಯೇ ಹೇಳಬೇಕು. ನಕ್ಷೆಯಲ್ಲಿ ಅದು ಸಿಗಲ್ಲ. ದೋಣಿ ಮೇಲೆ ಮೇಲೆ ಹೋಯ್ತು. ಯಾರೂ ಕಾಣಲಿಲ್ಲ. ಇನ್ನು ಮುಂದೆ ಹೋಗೋಕಾಗಲ್ಲ ಅನ್ನೋ ಜಾಗದಲ್ಲಿ ದೋಣಿ ತಿರುಗಿಸುತ್ತಾ ಇದ್ದಾಗ ಕೆವಿನ್ ದಡದ ಕಡೆ ನೋಡಿದ. ಅಲ್ಲಿ ಒಬ್ಬ ನಿಂತಿದ್ದ.

ಯೋಸಿಗೆ ಮೋಟಾರಿನ ಸದ್ದು ಮೊದಲು ಯಾವುದೋ ಹುಳದ ಗುಂಯ್‌ಗುಟ್ಟುವಿಕೆ ಅನಿಸಿತ್ತಂತೆ. ಕಿವಿ ನಂಬಲಿಲ್ಲ. ಎದ್ದು ತೆವಳಿ ನದಿ ದಡಕ್ಕೆ ಬಂದ. ದೋಣಿ ಎರಡು ನಿಮಿಷ ಮುಂಚೆ ತಿರುಗಿದ್ದರೆ? ಆ ಮೂರು ವಾರದ ಧೈರ್ಯ, ಛಲ, ಜಾಗ್ವಾರ್ ಓಡಿಸಿದ ಬುದ್ಧಿ ಎಲ್ಲಾ ಅಲ್ಲೇ ನದಿ ದಡದಲ್ಲಿ ಉಳಿದುಬಿಡ್ತಿತ್ತು, ನಮಗೆ ಪುಸ್ತಕವೂ ಇಲ್ಲ, ಸಿನಿಮಾವೂ ಇಲ್ಲ. ಯೋಸಿಯ ಧೈರ್ಯವನ್ನು ನಾನು ಕಡಿಮೆ ಮಾಡ್ತಿಲ್ಲ. ಅಷ್ಟು ದಿನ ಜೀವ ಹಿಡಿದುಕೊಳ್ಳದಿದ್ದರೆ ದೋಣಿ ಬಂದೂ ಉಪಯೋಗ ಇರಲಿಲ್ಲ. ಆದರೆ ಲೆಕ್ಕ ಸರಿಯಾಗಿ ಹೇಳಬೇಕಲ್ವಾ? ಕಾಡಿಗೆ ಕರ್ಕೊಂಡು ಹೋದವನು ಹೊರಗಿನವನು. ವಾಪಸ್ ತಂದವರು ಅಲ್ಲಿನವರು. ಮಾರ್ಕಸ್‌ನ ದಾರಿಯಲ್ಲಿ ಅಂಥ ಒಬ್ಬ ಟೀಕೋ ಸಿಗಲಿಲ್ಲ.

ಯೋಸಿಗೆ ಈ ಲೆಕ್ಕ ಗೊತ್ತಿತ್ತು ಅನ್ನೋದು ಅವನು ಆಮೇಲೆ ಮಾಡಿದ ಕೆಲಸದಿಂದ ತಿಳಿಯುತ್ತೆ. ಅವನ ಪುಸ್ತಕ ಇಸ್ರೇಲಿನಲ್ಲಿ ಮನೆಮಾತಾಯ್ತು. ಸೈನ್ಯದ ಸೇವೆ ಮುಗಿಸಿದ ಅಲ್ಲಿನ ಹುಡುಗ ಹುಡುಗಿಯರು ರುರೆನಬಾಕೆಗೆ ದಂಡುಗಟ್ಟಿ ಬರೋಕೆ ಶುರು ಮಾಡಿದರು. ಬೊಲಿವಿಯಾದ ಮೂಲೆಯ ಆ ಪಟ್ಟಣದಲ್ಲಿ ಹೀಬ್ರೂ ಭಾಷೆಯ ಬೋರ್ಡುಗಳು, ಹೋಟೆಲ್ ಮೆನುಗಳು ಬಂದವು! 2014ರಲ್ಲಿ ಬೊಲಿವಿಯಾ ಸರ್ಕಾರ ಇಸ್ರೇಲಿನವರಿಗೆ ವೀಸಾ ಕಡ್ಡಾಯ ಮಾಡಿದಾಗ ಈ ಊರಿನ ಹೋಟೆಲುಗಳು ಬಾಡಿದವು ಅಂದ್ರೆ ಒಂದು ಪುಸ್ತಕದ ಮೇಲೆ ಒಂದು ಊರು ಎಷ್ಟು ನಿಂತಿತ್ತು ನೋಡಿ.

ಹತ್ತು ವರ್ಷದ ನಂತರ ಯೋಸಿ ವಾಪಸ್ ಆ ಹಳ್ಳಿಗೆ, ಸ್ಯಾನ್ ಹೋಸೆಗೆ, ಬಂದ. ಹಳ್ಳಿಯವರು ಕೆಚುವಾ ಮತ್ತು ತಕಾನಾ ಮೂಲದವರು. ಕೆಲಸ ಇಲ್ಲದೆ ಊರು ಖಾಲಿಯಾಗ್ತಾ ಇತ್ತು. ಕಾಡು ನೋಡೋಕೆ ಬರೋರಿಗೆ ನಾವೇ ಮನೆ ಕಟ್ಟಿ, ನಾವೇ ಗೈಡ್ ಆಗ್ತೀವಿ ಅನ್ನೋದು ಅವರ ಆಸೆ. ಅದಕ್ಕೆ ಯೋಸಿ ಕೈ ಜೋಡಿಸಿದ. ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟಿತು, ಕನ್ಸರ್ವೇಶನ್ ಇಂಟರ್‌ನ್ಯಾಷನಲ್ ಸಂಸ್ಥೆ ತರಬೇತಿ ಕೊಟ್ಟಿತು. ಚಲಲಾನ್ ಅನ್ನೋ ಕೆರೆಯ ದಡದಲ್ಲಿ ಅತಿಥಿಗೃಹಗಳು ಎದ್ದವು. 2001ರಲ್ಲಿ ಅದರ ಪೂರ್ತಿ ಒಡೆತನ ಹಳ್ಳಿಯವರ ಕೈಗೆ ಬಂತು. ಅಷ್ಟರಲ್ಲಿ 1995ರಲ್ಲೇ ಸುತ್ತಲಿನ ಕಾಡು ಮಡೀಡಿ ರಾಷ್ಟ್ರೀಯ ಉದ್ಯಾನ ಆಗಿತ್ತು, ಸುಮಾರು 19 ಸಾವಿರ ಚದರ ಕಿಲೋಮೀಟರ್. ಅದರಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಒಂದು ಸ್ವಾರಸ್ಯ ಹೇಳ್ತೀನಿ ಕೇಳಿ. ಅಲ್ಲಿ ಹೊಸದಾಗಿ ಪತ್ತೆಯಾದ ಟೀಟೀ ಕೋತಿಯೊಂದಕ್ಕೆ ಹೆಸರಿಡುವ ಹಕ್ಕನ್ನು 2005ರಲ್ಲಿ ಹರಾಜು ಹಾಕಿದರು. ಆರೂವರೆ ಲಕ್ಷ ಡಾಲರ್ ಕೊಟ್ಟು ಗೆದ್ದದ್ದು ಒಂದು ಆನ್‌ಲೈನ್ ಜೂಜಿನ ಕಂಪನಿ! ಇವತ್ತು ಆ ಕೋತಿಯ ವೈಜ್ಞಾನಿಕ ಹೆಸರಿನಲ್ಲಿ ಕ್ಯಾಸಿನೋ ಕೂತಿದೆ. ದುಡ್ಡು ಮಾತ್ರ ಕಾಡಿನ ರಕ್ಷಣೆಗೆ ಹೋಯ್ತು, ಅಷ್ಟು ಸಮಾಧಾನ.

ಹಾಗಾಗಿ ಹೋಗಬೇಕು ಅನ್ನೋ ಹುಡುಗರಿಗೆ ನಾನು ಬೇಡ ಅನ್ನಲ್ಲ. ರುರೆನಬಾಕೆಯಿಂದ ದೋಣಿಯಲ್ಲಿ ಬೇನಿ, ಆಮೇಲೆ ಟುಯಿಚಿ, ಐದಾರು ಗಂಟೆ ಪಯಣ. ನಾಲ್ವರಲ್ಲಿ ಇಬ್ಬರು ಕಾಣೆಯಾದ ಕಾಡಿನ ಅದೇ ನದಿ. ಈಗ ದೋಣಿ ನಡೆಸೋರು ಆ ಹಳ್ಳಿಯ ಮಕ್ಕಳು. ಮಳೆಗಾಲ ಬಿಟ್ಟು, ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಹೋಗಿ. ಗೈಡ್ ಯಾರು, ಯಾವ ಊರಿನವನು, ಅವನನ್ನು ಬಲ್ಲವರು ಯಾರು ಅಂತ ಕೇಳಿ ಹೋಗಿ. ಎಲ್ಲಿಗೆ ಹೊರಟಿದ್ದೀರಿ, ಎಂದು ಬರ್ತೀರಿ ಅಂತ ಒಬ್ಬರಿಗಾದರೂ ಬರೆದಿಟ್ಟು ಹೋಗಿ. ಜೊತೆಯವರಲ್ಲಿ ನಿಧಾನ ಯಾರದೋ ಆ ನಡಿಗೆಯಲ್ಲೇ ನಡೀರಿ. ಹೊರಡೋಕೆ ಕನಿಷ್ಠ 10 ದಿನ ಮುಂಚೆ ಹಳದಿ ಜ್ವರದ ಲಸಿಕೆ ಹಾಕಿಸ್ಕೊಳ್ಳಿ. ಅದರ ಹಳದಿ ಕಾರ್ಡ್ ಇಲ್ಲದೆ ಬೊಲಿವಿಯಾ, ಪೆರು, ಬ್ರೆಜಿಲ್ ಕಡೆಯಿಂದ ವಾಪಸ್ ಬಂದ್ರೆ ನಮ್ಮ ಏರ್‌ಪೋರ್ಟಿನಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಕಾಡು ಗೆದ್ದು ಬಂದು ಬೆಂಗಳೂರಲ್ಲಿ ಕ್ವಾರಂಟೈನ್ ಆಗಬೇಡಿ.

ಇನ್ನೊಂದು ಮಾತು, ಸಿನಿಮಾದಲ್ಲಿ ಇಲ್ಲದ್ದು. ಕಾರ್ಲ್ ಈ ಹುಡುಗರ ಮುಂದೆ ಎಸೆದ ಗಾಳ ಚಿನ್ನ ಅಲ್ವಾ? ಅವನು ಹೇಳಿದ ಬುಡಕಟ್ಟಿನ ಹಳ್ಳಿ ಅವರಿಗೆ ಕೊನೆಗೂ ಸಿಗಲಿಲ್ಲ, ಆದರೆ ಆ ನದಿಗಳಲ್ಲಿ ಚಿನ್ನ ನಿಜವಾಗಿಯೂ ಇದೆ. ಚಿನ್ನದ ಬೆಲೆ ಏರಿದ ಹಾಗೆಲ್ಲಾ ಯಂತ್ರಗಳು ಬೇನಿಯ ಉಪನದಿಗಳಿಗೆ ನುಗ್ಗಿವೆ, ಮಡೀಡಿಯ ಬಾಗಿಲಿಗೂ ಬಂದಿವೆ. ಮರಳಿನಲ್ಲಿರೋ ಚಿನ್ನದ ಪುಡಿಯನ್ನು ಒಟ್ಟು ಮಾಡೋಕೆ ಪಾದರಸ ಸುರೀತಾರೆ. ಪಾದರಸ ಚಿನ್ನವನ್ನು ಅಂಟಿಸಿಕೊಂಡು ಉಂಡೆ ಆಗುತ್ತೆ, ಆ ಉಂಡೆಯನ್ನು ಕಾಯಿಸಿದರೆ ಪಾದರಸ ಹಬೆಯಾಗಿ ಹಾರಿ ಚಿನ್ನ ಉಳಿಯುತ್ತೆ. ಹಾರಿದ್ದು, ಚೆಲ್ಲಿದ್ದು ನದಿಗೆ ಬರುತ್ತೆ. ನೀರಿನಿಂದ ಹುಳಕ್ಕೆ, ಹುಳದಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ, ಪ್ರತಿ ಹೆಜ್ಜೆಗೂ ವಿಷ ಹೆಚ್ಚುತ್ತಾ ಹೋಗುತ್ತೆ. ದಿನಾ ಆ ಮೀನು ತಿಂದು ಬದುಕುವ ಬೇನಿ ದಡದ ಎಸ್ಸೆ ಎಹ್ಹಾ ಬುಡಕಟ್ಟಿನವರ ತಲೆಕೂದಲು ಪರೀಕ್ಷೆ ಮಾಡಿದಾಗ ಪಾದರಸ ಮಿತಿ ಮೀರಿ ಸಿಕ್ಕಿದೆ. ಗರ್ಭದಲ್ಲಿರೋ ಮಗುವಿನ ಮಿದುಳಿಗೇ ಹೋಗೋ ವಿಷ ಅದು. ರುರೆನಬಾಕೆಯ ಹತ್ತಿರದ ಎಲ್ ಬಾಲಾ ಕಮರಿಯಲ್ಲಿ ಅಣೆಕಟ್ಟು ಕಟ್ಟೋ ಯೋಜನೆಯೂ ವರ್ಷಗಳಿಂದ ತೂಗಾಡ್ತಿದೆ. ಅದಕ್ಕೆ ಅಡ್ಡ ನಿಂತವರು ನದಿ ದಡದ ಹಳ್ಳಿಗಳ ಜನ, ದೋಣಿಗಳನ್ನು ತಗೊಂಡು ಹೋಗಿ ದಾರಿ ಕಾದವರು. ಹೊರಗಿನವರು ಬಂದು ಕಾಡಿನಲ್ಲಿ ಕಳೆದುಹೋದಾಗ ಇಂಥದೇ ದೋಣಿಗಳು ಹುಡುಕೋಕೆ ಹೋಗಿದ್ದವು.